ಡಿಪೋದ ಬಾಗಿಲಲ್ಲಿ ನಿಂತ ಮುಂಡಾಸು

ಊರೊಂದರ ಚರಿತ್ರೆಯನ್ನು ಅರಿಯಬೇಕಾದರೆ ಅಲ್ಲಿಯ ಕೋಟೆ ಕೊತ್ತಲಗಳನ್ನು ನೋಡಬೇಕೆನ್ನುವುದು ರೂಢಿ. ದುಡಿಯುವ ಜನರ ಬಾಳನ್ನು ಅರಿಯಬೇಕೆಂಬವರು ಬಸ್ ಡಿಪೋದಂತಹ ಎಡೆಗಳನ್ನೂ ನೋಡಬೇಕು. ನಸುಕಿನಲ್ಲೆದ್ದು ಊರನ್ನೆಲ್ಲ ಕೆಲಸಕ್ಕೆ ಕರೆದೊಯ್ಯುವವರು ಹೊರಡುವುದು ಅಲ್ಲಿಂದಲೇ. ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ನಿನಲ್ಲಿ ಮಗಳ ಮನೆಯಲ್ಲಿ ಕೆಲವು ವಾರ ತಂಗಿದ್ದಾಗ ಈ ಮಾತು ನನಗೆ ಮನದಟ್ಟಾಯಿತು. ಅಲ್ಲಿ ಮುಂಡಾಸು ಧರಿಸಿದ ಚಾಲಕನು ಬಸ್ಸು ನಡೆಸುವುದು ಇಂದು ಯಾರಿಗೂ ವಿಶೇಷವಲ್ಲ. ಆ ಸಾಮಾನ್ಯ ನೋಟದ ಹಿಂದೆ ಎರಡು ವರ್ಷಗಳ ಹೋರಾಟವಿದೆ.

ವುಲ್ವರ್‌ಹ್ಯಾಂಪ್ಟನ್ ಬೀಗ ಮತ್ತು ಕಬ್ಬಿಣದ ಕೈಗಾರಿಕೆಗಳಿಗೆ ಹೆಸರಾದ ಪಟ್ಟಣ. 2000ದಲ್ಲಿ ಅದಕ್ಕೆ ನಗರದ ಪದವಿ ದೊರೆಯಿತು. 1902ರಲ್ಲಿ ಇಲ್ಲಿ ವಿದ್ಯುತ್ ಟ್ರಾಮುಗಳು ಓಡತೊಡಗಿದವು. ಅವುಗಳಿಗಾಗಿ ಕ್ಲೀವ್‌ಲೆಂಡ್ ರಸ್ತೆಯಲ್ಲಿ ಡಿಪೋ ಕಟ್ಟಲಾಯಿತು. ಬೀದಿಗಳ ಮೇಲೆ ತಂತಿ ಎಳೆಯುವುದು ಪೌರಸಭೆಯವರಿಗೆ ಹಿಡಿಸಲಿಲ್ಲ. ಆದುದರಿಂದ ಹಳಿಗಳ ನಡುವೆ ನೆಲದಲ್ಲಿ ಲೋಹದ ಗುಬ್ಬಿಗಳನ್ನು ಹೂಳಿಸಿದರು. ಟ್ರಾಮು ಮೇಲೆ ಬಂದಾಗ ಅದರ ಅಯಸ್ಕಾಂತದ ಸೆಳೆತಕ್ಕೆ ಗುಬ್ಬಿಯಲ್ಲಿ ವಿದ್ಯುತ್ತು ಹರಿಯುತ್ತಿತ್ತು, ದಾಟಿದೊಡನೆ ನಿಲ್ಲುತ್ತಿತ್ತು. 1921ರಲ್ಲಿ ಈ ಪದ್ಧತಿಯನ್ನು ಕೈಬಿಟ್ಟು ತಂತಿಗೇ ಮೊರೆಹೋದರು. 1923ರ ಅಕ್ಟೋಬರ್ 29ರಂದು ಹಳಿಯ ಹಂಗಿಲ್ಲದ ಟ್ರಾಲಿ ಬಸ್ಸುಗಳು ಬಂದವು. 1967ರ ಮಾರ್ಚ್ 5ರಂದು ಅವೂ ನಿಂತು, ಎಣ್ಣೆಯ ಬಸ್ಸುಗಳಷ್ಟೇ ಉಳಿದವು. ಇಷ್ಟೆಲ್ಲ ಬದಲಾವಣೆಗಳನ್ನು ಕಂಡ ಕ್ಲೀವ್‌ಲೆಂಡ್ ರಸ್ತೆಯ ಡಿಪೋ 1993ರಲ್ಲಿ ಮುಚ್ಚಿತು.

ಯಂತ್ರಗಳು ಬದಲಾದಷ್ಟು ಸುಲಭವಾಗಿ ಮನುಷ್ಯರ ಮನಸ್ಸು ಬದಲಾಗುವುದಿಲ್ಲ. ಎರಡನೆಯ ಮಹಾಯುದ್ಧದ ನಂತರ ಪಂಜಾಬಿನಿಂದ ಬಂದ ಅನೇಕರು ಇಲ್ಲಿಯ ಕಾರ್ಖಾನೆಗಳಲ್ಲಿಯೂ ಬಸ್ಸುಗಳಲ್ಲಿಯೂ ಕೆಲಸಕ್ಕೆ ಸೇರಿದರು. ಅವರಲ್ಲೊಬ್ಬರು ತರ್ಸೇಮ್ ಸಿಂಗ್ ಸಂಧು. 1967ರ ಆಗಸ್ಟ್‌ನಲ್ಲಿ ಅವರು ಕಾಯಿಲೆಯ ರಜೆ ಮುಗಿಸಿ, ಗಡ್ಡ ಬಿಟ್ಟು ಮುಂಡಾಸು ಧರಿಸಿ ಕೆಲಸಕ್ಕೆ ಮರಳಿದರು. ಸಮವಸ್ತ್ರದ ನಿಯಮಕ್ಕೆ ಇದು ವಿರುದ್ಧವೆಂದು ಅವರನ್ನು ಮನೆಗೆ ಕಳುಹಿಸಲಾಯಿತು. ನಿಯಮವು ಎಲ್ಲರಿಗೂ ಒಂದೇ ಎಂಬುದು ಸಾರಿಗೆ ಸಮಿತಿಯ ನಿಲುವು. ಮೇಲ್ನೋಟಕ್ಕೆ ಇದು ನ್ಯಾಯವಾಗಿಯೇ ತೋರುತ್ತದೆ. ಆದರೆ ಆ ನಿಯಮವು ಉಳಿದವರಿಂದ ಕೇಳಿದ್ದು ಕ್ಷೌರವನ್ನೂ ಟೋಪಿಯನ್ನೂ ಮಾತ್ರ. ಇವರಿಂದ ಕೇಳಿದ್ದು ಧರ್ಮದ ಕುರುಹನ್ನು. ತೂಕ ಒಂದೇ ಆದರೂ ಹೊರುವ ಹೆಗಲು ಒಂದೇ ಆಗಿರಲಿಲ್ಲ.

ಸಂಧು ಅವರ ಸ್ವಜನರೆಲ್ಲರೂ ಅವರ ಬೆನ್ನಿಗೆ ನಿಲ್ಲಲಿಲ್ಲ. ಪರಸ್ಥಳದಲ್ಲಿ ಜಗಳವೇಕೆಂದು ಬೇಸರಗೊಂಡ ಸಿಖ್ಖರೂ ಇದ್ದರು. ಹೊಟ್ಟೆಪಾಡಿಗೆ ಕಡಲು ದಾಟಿದವರ ಆ ಅಂಜಿಕೆಯನ್ನು ನಾವು ಹಗುರವಾಗಿ ಕಾಣಬಾರದು. ಆದರೂ 1968ರ ಫೆಬ್ರವರಿಯಲ್ಲಿ ಸುಮಾರು ಆರು ಸಾವಿರ ಸಿಖ್ಖರು ಆ ಪಟ್ಟಣದಲ್ಲಿ ಮೆರವಣಿಗೆ ನಡೆಸಿದರು. ಅದೇ ವರ್ಷದ ಏಪ್ರಿಲ್ 20ರಂದು ಅಲ್ಲಿಯ ಸಂಸತ್ ಸದಸ್ಯ ಎನೋಕ್ ಪೊವೆಲ್ ಬರ್ಮಿಂಗ್‌ಹ್ಯಾಮ್‌ನಲ್ಲಿ ವಲಸಿಗರ ವಿರುದ್ಧ ಮಾಡಿದ ಭಾಷಣದಲ್ಲಿ ಸಿಖ್ಖರ ಈ ಬೇಡಿಕೆಯನ್ನೂ ಟೀಕಿಸಿದರು.

ಕೊನೆಗೆ ಸೋಹನ್ ಸಿಂಗ್ ಜಾಲಿ ಎಂಬ ಸಿಖ್ ನಾಯಕರು, ನಿಷೇಧವನ್ನು ತೆಗೆಯದಿದ್ದರೆ 1969ರ ಏಪ್ರಿಲ್ 13ರ ವೈಶಾಖಿಯಂದು ಅಗ್ನಿಗೆ ದೇಹವನ್ನು ಒಪ್ಪಿಸುವೆನೆಂದು ಸಾರಿದರು. ಏಪ್ರಿಲ್ 9ರಂದು ಸಮಿತಿಯು ನಿಷೇಧವನ್ನು ಹಿಂತೆಗೆದುಕೊಂಡಿತು. ಆ ವ್ರತವನ್ನು ನಾನು ಕೊಂಡಾಡಲಾರೆ. ಕಾಯವೇ ಕಾಯಕಕ್ಕೆ ಆಧಾರವೆಂದು ನಂಬಿದ ಮನೆಗಳಲ್ಲಿ ಬೆಳೆದವರಿಗೆ, ಕಾಯವನ್ನು ಸುಡುವ ಮಾತು ಸಹಿಸಲಾಗದ್ದು. ಆದರೆ ಮೆರವಣಿಗೆಗೂ ಮನವಿಗೂ ಓಗೊಡದ ಕಿವಿಗಳು ಸಾವಿನ ಮಾತಿಗೆ ಮಾತ್ರ ತೆರೆದವೆಂಬುದು ಆ ಕಿವಿಗಳಿಗೆ ಗೌರವ ತರುವ ಸಂಗತಿಯಲ್ಲ. ಇನ್ನೊಂದು ಸೋಜಿಗವನ್ನು ನೋಡಿರಿ. ಅದೇ ವರ್ಷದ ಅಕ್ಟೋಬರ್ 1ರಂದು ಪಟ್ಟಣದ ಬಸ್ಸುಗಳೆಲ್ಲ ಪಶ್ಚಿಮ ಮಿಡ್‌ಲ್ಯಾಂಡ್ಸ್ ಪ್ರಾಂತದ ಸಾರಿಗೆ ಸಂಸ್ಥೆಯ ವಶವಾದವು. ಎರಡು ವರ್ಷ ಪಟ್ಟುಹಿಡಿದು ಕಾಯ್ದ ಬಾಗಿಲು, ಸೋತ ಆರು ತಿಂಗಳೊಳಗೇ ಆ ಪೌರಸಭೆಯ ಕೈತಪ್ಪಿತು.

ಇಷ್ಟಲಿಂಗವನ್ನು ಎದೆಯ ಮೇಲೆ ಧರಿಸಿ ದುಡಿಯುವ ನಮಗೆ, ಕುರುಹು ಮತ್ತು ಕಾಯಕ ಒಂದಕ್ಕೊಂದು ಅಡ್ಡಿಯಲ್ಲವೆಂಬುದನ್ನು ಯಾರೂ ಕಲಿಸಬೇಕಾಗಿಲ್ಲ. ಪರದೇಶಕ್ಕೆ ಹೋಗುವ ಮಕ್ಕಳಿಗೆ ಇದನ್ನು ತಿಳಿಹೇಳುವುದು ಸುಲಭ. ಇದರ ಇನ್ನೊಂದು ಮಗ್ಗುಲು ಕಠಿಣವಾದದ್ದು. ನಾವೂ ಅಂಗಡಿ, ಶಾಲೆ, ಕಚೇರಿಗಳ ಒಡೆತನದಲ್ಲಿ ಕೂಡುತ್ತೇವೆ. ನಮ್ಮದಲ್ಲದ ಕುರುಹನ್ನು ಧರಿಸಿದವನೊಬ್ಬನು ಕೆಲಸ ಕೇಳುತ್ತ ಬಾಗಿಲಲ್ಲಿ ನಿಂತಾಗ, ನಾವು ನೋಡುವುದು ಅವನ ಕೈಯ ಕಸುಬನ್ನೋ, ಮೈಮೇಲಿನ ಚಿಹ್ನೆಯನ್ನೋ? ಈ ಪ್ರಶ್ನೆಗೆ ಪ್ರತಿಯೊಬ್ಬ ಗೃಹಸ್ಥನೂ ತನ್ನ ನಡೆಯಿಂದಲೇ ಉತ್ತರ ಕೊಡಬೇಕಾಗಿದೆ.