ಮೂತಿಯಿಲ್ಲದ ಜೀಪಿನ ಬೆಲೆ

ಹಳೆಯ ವಾಹನಗಳನ್ನು ಸಂಗ್ರಹಿಸುವವರ ಬಾಯಲ್ಲಿ 'ಒರಿಜಿನಲ್' ಎಂಬುದು ಮಡಿಯ ಮಾತು. ಕಾರ್ಖಾನೆಯಿಂದ ಹೊರಬಿದ್ದ ದಿನ ವಾಹನದ ಮೈಮೇಲೆ ಇದ್ದದ್ದು ಮಡಿ, ಅನಂತರ ಯಾವ ಮೆಕ್ಯಾನಿಕ್ಕಿನ ಕೈ ತಾಕಿತೋ ಅದೆಲ್ಲ ಮೈಲಿಗೆ. ಅರಮನೆಯ ಷೆಡ್ಡಿನಲ್ಲಿ ನಿಂತು, ಮೆರವಣಿಗೆಗೊಮ್ಮೆ ಹೊರಬಂದು, ಮತ್ತೆ ಒಳಸೇರುತ್ತಿದ್ದ ಕಾರುಗಳ ಮಟ್ಟಿಗೆ ಈ ಮಡಿಯನ್ನು ಕಾಪಾಡುವುದು ಸಾಧ್ಯ, ಏಕೆಂದರೆ ಅವುಗಳಿಗೆ ಕೆಟ್ಟುಹೋಗುವಷ್ಟು ಕೆಲಸವೇ ಇರಲಿಲ್ಲ. ಆದರೆ ಸಿಮೆಂಟು ಮೂಟೆ, ಜಲ್ಲಿ, ಹೂವಿನ ಕುಂಡ, ಬೀರು, ರುಬ್ಬುವ ಕಲ್ಲು ಹೊತ್ತು ಬಾಳಿದ ಪಿಕಪ್ಪಿಗೆ, ಅಂದರೆ ಮುಂದೆ ಚಾಲಕನ ಕ್ಯಾಬಿನ್, ಹಿಂದೆ ಚಾವಣಿಯಿಲ್ಲದ ಸರಕಿನ ಜಾಗವಿರುವ ಸಣ್ಣ ಸಾಗಣೆ ವಾಹನಕ್ಕೆ, ಅದೇ ಅಳತೆಗೋಲನ್ನು ಹಿಡಿದರೆ ಪೇಚಿಗೆ ಸಿಕ್ಕುವುದು ಅಳೆಯುವವನೇ.

ಈ ಪೇಚು ಪ್ರಸ್ತುತ ಪ್ರಬಂಧದ ಲೇಖಕನನ್ನು ತುಸು ಹೆಚ್ಚಾಗಿ ಕಾಡುವುದಕ್ಕೆ ಅವನ ಕಸುಬು ಕಾರಣ. ಮೋಟಾರು ವಿಮೆಯ ಸರ್ವೇಯರ್ ಆಗಿ, ಎಂದರೆ ಅಪಘಾತಕ್ಕೀಡಾದ ವಾಹನವನ್ನು ಪರೀಕ್ಷಿಸಿ ನಷ್ಟದ ಮೊತ್ತವನ್ನು ಗೊತ್ತುಮಾಡುವವನಾಗಿ, ಬನಶಂಕರಿ ಮತ್ತು ಬಿಟಿಎಂ ಲೇಔಟಿನ ಗ್ಯಾರೇಜುಗಳಲ್ಲಿ ಆಯುಷ್ಯದ ದೊಡ್ಡ ಪಾಲನ್ನು ಕಳೆದ ಅವನಿಗೆ, ವಯಸ್ಸು ಏರಿದಷ್ಟೂ ಬೆಲೆ ಇಳಿಯುತ್ತದೆ ಎಂಬುದು ಮಗ್ಗಿಯಷ್ಟು ಬಾಯಿಪಾಠ. ವಿಮೆಯವರ ಸವಕಳಿ ಕೋಷ್ಟಕದಲ್ಲಿ, ಅಂದರೆ ಬಳಕೆಯಿಂದ ಬೆಲೆ ಎಷ್ಟು ತಗ್ಗಿತೆಂದು ಲೆಕ್ಕಹಾಕುವ ಪಟ್ಟಿಯಲ್ಲಿ, 6 ತಿಂಗಳೊಳಗಿನ ವಾಹನದ ಲೋಹದ ಭಾಗಗಳಿಗೆ ಕಡಿತವಿಲ್ಲ, 10 ವರ್ಷ ದಾಟಿದ ವಾಹನಕ್ಕೆ ಶೇ. 50ರಷ್ಟು ಕಡಿತ, ರಬ್ಬರು, ನೈಲಾನು, ಪ್ಲಾಸ್ಟಿಕ್ಕು, ಬ್ಯಾಟರಿಗಳಿಗೆ ವಯಸ್ಸನ್ನು ಕೇಳದೆ ಶೇ. 50, ಗಾಜಿಗೆ ಮಾತ್ರ ಎಂದೆಂದಿಗೂ ಸೊನ್ನೆ. ಗಾಜಿಗೆ ಮುಪ್ಪಿಲ್ಲವೆಂಬ ಈ ನಂಬಿಕೆಯನ್ನು ಅವನು ಸೇವೆಯುದ್ದಕ್ಕೂ ಪ್ರಶ್ನಿಸದೆ ಪಾಲಿಸಿದ. 10 ವರ್ಷಕ್ಕೆ ಕೋಷ್ಟಕ ಮುಗಿದುಹೋಗುವುದರಿಂದ 50 ವರ್ಷ ದಾಟಿದ ವಾಹನದ ಮುಂದೆ ನಿಂತಾಗ ಸರ್ವೇಯರನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಅಲ್ಲಿಂದಾಚೆಗೆ ಬೆಲೆ ಇಳಿಯುವ ಬದಲು ಏರತೊಡಗುತ್ತದೆ ಎಂಬ ವಿಚಿತ್ರವನ್ನು ಅವನು ನಿವೃತ್ತನಾದ ಮೇಲೆ, ಸಂಗ್ರಾಹಕರು 'ಒಮ್ಮೆ ಬಂದು ನೋಡಿ' ಎಂದು ಕರೆಯತೊಡಗಿದಾಗಲೇ ಕಲಿತದ್ದು.

ಹಾಗೆ ಕರೆಸಿಕೊಂಡು ನೋಡಿದವುಗಳಲ್ಲಿ ಜೆ.ಪಿ. ನಗರದ ಷೆಡ್ಡೊಂದರಲ್ಲಿ ಹೊಸ ಬಣ್ಣ ತೊಟ್ಟು ನಿಂತಿದ್ದ ಮಹೀಂದ್ರ ಎಫ್‌ಸಿ 150 ಒಂದು. ಎಫ್‌ಸಿ ಎಂದರೆ ಫಾರ್ವರ್ಡ್ ಕಂಟ್ರೋಲ್. ಸ್ಟಿಯರಿಂಗು, ಪೆಡಲು, ಚಾಲಕನ ಆಸನವೆಲ್ಲ ಮುಂದಿನ ಚಕ್ರಗಳ ಮೇಲಕ್ಕೇ ಸರಿದಿರುವ ವಿನ್ಯಾಸವಿದು. ಬಾನೆಟ್ಟೆಂಬ ಮೂತಿಯೇ ಇಲ್ಲದ ಈ ಜೀಪನ್ನು ಅಮೆರಿಕದ ವಿನ್ಯಾಸಕಾರ ಬ್ರೂಕ್ಸ್ ಸ್ಟೀವನ್ಸ್ ವಿಲ್ಲೀಸ್ ಕಂಪನಿಗಾಗಿ ರೂಪಿಸಿದ್ದು, 1956ರ ಕೊನೆಯಲ್ಲಿ ಅದು ಅಲ್ಲಿನ ಜನರ ಮುಂದೆ ಬಂತು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ ಕೇವಲ 81 ಅಂಗುಲವಾದರೂ ಸರಕಿನ ಜಾಗದ ಉದ್ದ 74 ಅಂಗುಲ. ಮೂತಿಯನ್ನು ಬಿಟ್ಟುಕೊಟ್ಟು ಬೆನ್ನನ್ನು ಬೆಳೆಸಿಕೊಂಡದ್ದೇ ಅದರ ಜಾಣತನ. ಅಮೆರಿಕದಲ್ಲಿ ಅದರ ಕಾಲ ಮುಗಿಯುತ್ತಿದ್ದ ಹೊತ್ತಿಗೆ, 1965ರ ಸುಮಾರಿಗೆ, 1940ರ ದಶಕದಿಂದಲೂ ವಿಲ್ಲೀಸ್ ಜೀಪುಗಳನ್ನು ಜೋಡಿಸುತ್ತಿದ್ದ ಮಹೀಂದ್ರ ಕಂಪನಿ ಇದನ್ನು ಭಾರತದಲ್ಲಿ ತಯಾರಿಸತೊಡಗಿತು. ಸರಕು ವಾಹನವಾಗಿ, ಆಂಬುಲೆನ್ಸಾಗಿ, ಪೊಲೀಸ್ ವ್ಯಾನಾಗಿ, ಜನರನ್ನು ತುಂಬುವ ಪುಟ್ಟ ಬಸ್ಸಾಗಿ ಅದು ಹೊಸ ಹೊಸ ಅವತಾರ ಎತ್ತಿತು. ಸಾರಿಗೆ ಕಚೇರಿಯ ಬಾಗಿಲಲ್ಲಿ ಮಾತ್ರ ಅದರ ಹೆಸರು ಗೊಂದಲಕ್ಕೆ ದಾರಿ, ಏಕೆಂದರೆ ಬೆಂಗಳೂರಿನ ಚಾಲಕರಿಗೆ ಎಫ್‌ಸಿ ಎಂದರೆ ಫಿಟ್‌ನೆಸ್ ಸರ್ಟಿಫಿಕೇಟ್, ಸರಕು ವಾಹನ ರಸ್ತೆಗಿಳಿಯಲು ಯೋಗ್ಯವೆಂದು ಕೊಡುವ ಪ್ರಮಾಣಪತ್ರ. ಆದ್ದರಿಂದ ಎಫ್‌ಸಿಗೆ ಎಫ್‌ಸಿ ಆಗಿದೆಯೇ ಎಂದು ಕೇಳಿದವನು ತಮಾಷೆ ಮಾಡುತ್ತಿದ್ದಾನೆಂದು ತಿಳಿಯಬೇಕಿಲ್ಲ.

ಲೇಖಕನಿಗೆ ಆ ವಾಹನ ಹೊಸದಾಗಿರಲಿಲ್ಲ. 1948ರಲ್ಲಿ ಶಂಕುಸ್ಥಾಪನೆಯಾದ ಜಯನಗರ ಬ್ಲಾಕು ಬ್ಲಾಕಾಗಿ ದಕ್ಷಿಣಕ್ಕೆ ಹಬ್ಬುತ್ತಿದ್ದ ವರ್ಷಗಳಲ್ಲಿ ಚಾಮರಾಜಪೇಟೆಯ ವಠಾರದಿಂದ ಅವನ ಮನೆಯವರು ಹೊಸ ಮನೆಗೆ ಹೊರಟಾಗ, ಇಡೀ ಸಂಸಾರ ಇಂಥದೇ ಒಂದು ಎಫ್‌ಸಿಯ ಬೆನ್ನೇರಿ ಒಂದೇ ಟ್ರಿಪ್ಪಿನಲ್ಲಿ ಬಂದಿಳಿದಿತ್ತು. ಎಂಜಿನ್ನು ಕ್ಯಾಬಿನ್ನಿನೊಳಗೆ, ಚಾಲಕ ಮತ್ತು ಪಕ್ಕದವರ ನಡುವೆ, ತಗಡಿನ ಮುಚ್ಚಳದಡಿ ಇರುವುದರಿಂದ, ಆ ಮುಚ್ಚಳಕ್ಕೆ ತೊಡೆ ತಾಗಿಸಿ ಕುಳಿತ ಬಾಲಕನಿಗೆ ಲಾಲ್‌ಬಾಗಿನ ಪಶ್ಚಿಮ ದ್ವಾರ ದಾಟುವಷ್ಟರಲ್ಲಿ ಚರ್ಮ ಚುರುಗುಟ್ಟಿದ್ದು, ಅದೇ ಮುಚ್ಚಳದ ಮೇಲೆ ತಾಯಿ ಇಟ್ಟುಕೊಂಡಿದ್ದ ಹಾಲಿನ ಪಾತ್ರೆ ಗೃಹಪ್ರವೇಶಕ್ಕೆ ಮೊದಲೇ ಉಕ್ಕುವುದೋ ಎಂದು ಆಕೆ ಅಂಜಿದ್ದು ಅವನ ನೆನಪಿನಲ್ಲಿ ಉಳಿದಿವೆ. ಪರೀಕ್ಷೆಗೆ ನಿಂತವನಿಗೆ ಇಂಥ ನೆನಪು ಅಪಾಯಕಾರಿ ಎಂಬುದನ್ನು ಒಪ್ಪಲೇಬೇಕು. ಅದು ಅಂಕಗಳನ್ನು ಮೇಲಕ್ಕೆಳೆಯುತ್ತದೆ.

ಸಂಗ್ರಾಹಕರು ಸಾಮಾನ್ಯವಾಗಿ ಎಂಜಿನ್ನಿನಿಂದ ಶುರುಮಾಡುತ್ತಾರೆ. ಪಿಕಪ್ಪನ್ನು ನೋಡುವವನು ಹಿಂದಿನಿಂದ ಶುರುಮಾಡಬೇಕು ಎಂಬುದು ಲೇಖಕನ ಹಟ. ಚಾಲಕರು 'ಬಾಡಿ' ಎಂದು ಕರೆಯುವ ಸರಕಿನ ಜಾಗದಲ್ಲಿ ವಾಹನದ ಜಾತಕವಿದೆ. ನೆಲದ ತಗಡು ತಗ್ಗಾದ ಕಡೆ ಭಾರವಾದದ್ದನ್ನು ಎತ್ತಿಹಾಕಿದ್ದಾರೆ, ಅಂಚಿನ ಬಣ್ಣ ಸವೆದು ನಯವಾದ ಕಡೆ ಹಗ್ಗ ಉಜ್ಜಿದೆ, ಮೂಲೆಯಲ್ಲಿ ಒಳಗಿನಿಂದಲೇ ತುಕ್ಕು ತಿಂದಿದ್ದರೆ ಸಿದ್ದಾಪುರದ ನರ್ಸರಿಗಳ ಒದ್ದೆ ಮಣ್ಣಿನಂಥದೇನೋ ಅಲ್ಲಿ ರಾತ್ರಿಯೆಲ್ಲ ಉಳಿದಿತ್ತು. ಜೆ.ಪಿ. ನಗರದ ವಾಹನದಲ್ಲಿ ಇದಾವುದೂ ಇರಲಿಲ್ಲ. ಟಿಂಕರಿಂಗ್, ಅಂದರೆ ತಗಡಿನ ತಗ್ಗುಗಳನ್ನು ಬಡಿದು ಸಮಮಾಡುವ ಕೆಲಸ, ಅಚ್ಚುಕಟ್ಟಾಗಿ ನಡೆದು, ಮೇಲೆ ಪುಟ್ಟಿ ಮೆತ್ತಿ, ಕನ್ನಡಿಯಂತೆ ಹೊಳೆಯುವ ಪಾಲಿಯುರಿಥೇನ್ ಬಣ್ಣ ಹೊಡೆಸಲಾಗಿತ್ತು. ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಮೈಮೇಲೆ ಸರಿಸುತ್ತ ಹೋದರೆ ತಗಡಿರುವಲ್ಲಿ ಅದು ಹಿಡಿಯುತ್ತದೆ, ಪುಟ್ಟಿ ದಪ್ಪನಾದಲ್ಲಿ ಜಾರುತ್ತದೆ. ಹಿಂಬದಿಯ ಬಲಮೂಲೆಯಲ್ಲಿ ಅದು ಕೆಳಕ್ಕೇ ಬಿತ್ತು. ಪಕ್ಕದಲ್ಲಿ ನಿಂತಿದ್ದ ಹಿರಿಯ ಮೆಕ್ಯಾನಿಕ್ ಅದನ್ನು ಎತ್ತಿಕೊಡುತ್ತ, 'ಸಾರ್, ಈ ಗಾಡಿ ಹೊಸದಾಗಿದ್ದಾಗಲೂ ಇಷ್ಟು ಹೊಳೀತಿರ್ಲಿಲ್ಲ' ಎಂದದ್ದು ಅಂದಿನ ಪರೀಕ್ಷೆಯ ಅತ್ಯಂತ ನಿಖರವಾದ ಮಾತು.

ಬಾಡಿಯ ವಿಷಯದಲ್ಲಿ 'ಒರಿಜಿನಲ್' ಎಂಬ ಮಾತಿಗೆ ಅರ್ಥವಿದೆಯೇ ಎಂಬುದೂ ಪ್ರಶ್ನೆಯೇ. ಆ ಕಾಲದಲ್ಲಿ ನಮ್ಮ ದೇಶದ ಸರಕು ವಾಹನಗಳು ಬಹುಮಟ್ಟಿಗೆ ಷಾಸಿಯಾಗಿ ಅಥವಾ ಷಾಸಿ ಮತ್ತು ಕ್ಯಾಬಿನ್ನಾಗಿ ಮಾತ್ರ ಕಾರ್ಖಾನೆಯಿಂದ ಬರುತ್ತಿದ್ದವು. ಷಾಸಿ ಎಂದರೆ ಚಕ್ರ, ಎಂಜಿನ್ನು, ಉಕ್ಕಿನ ಚೌಕಟ್ಟುಗಳ ಅಸ್ಥಿಪಂಜರ. ಅದರ ಮೇಲೆ ಮರ, ತಗಡು, ಕಬ್ಬಿಣದ ಪಟ್ಟಿಗಳಿಂದ ಬಾಡಿ ಕಟ್ಟುತ್ತಿದ್ದವರು ಊರಿನ ಬಾಡಿ ಬಿಲ್ಡರುಗಳು, ಮತ್ತು ಅವರು ನಕ್ಷೆಗಿಂತ ಹೆಚ್ಚಾಗಿ ನಂಬಿದ್ದು ಗಿರಾಕಿಯ ಸರಕನ್ನು. ಹಾಗಿರುವಾಗ ಅಮೆರಿಕದ ಕ್ಯಾಟಲಾಗಿನ ಚಿತ್ರವನ್ನು ಎದುರಿಟ್ಟುಕೊಂಡು ಹೊಸ ಬಾಡಿ ಮಾಡಿಸಿದವನು ಸೃಷ್ಟಿಸುವುದು ಬೆಂಗಳೂರು ಎಂದೂ ಕಾಣದ ವಾಹನವೊಂದನ್ನು.

ಎಂಜಿನ್ನಿನ ಕಥೆ ಇನ್ನೂ ತೊಡಕಿನದು. ಎಫ್‌ಸಿ 150ಕ್ಕೆ ಸಲ್ಲುವುದು 'ಹರಿಕೇನ್' ಎಂಬ ನಾಲ್ಕು ಸಿಲಿಂಡರಿನ, ಸುಮಾರು 2.2 ಲೀಟರಿನ ಪೆಟ್ರೋಲ್ ಎಂಜಿನ್ನು. ಅದರಲ್ಲಿ ಇಂಧನದ ಮಿಶ್ರಣವನ್ನು ಒಳಬಿಡುವ ಕವಾಟ ಮೇಲಿನ ಹೆಡ್ಡಿನಲ್ಲೂ ಹೊಗೆಯನ್ನು ಹೊರಬಿಡುವ ಕವಾಟ ಪಕ್ಕದ ಬ್ಲಾಕಿನಲ್ಲೂ ಇರುತ್ತವೆ. 1973ರ ತೈಲ ಬಿಕ್ಕಟ್ಟಿನ ನಂತರ ಪೆಟ್ರೋಲಿನ ಬೆಲೆ ಏರಿದಾಗ ದುಡಿಯುವ ಜೀಪುಗಳ ಮಾಲೀಕರು ಹರಿಕೇನನ್ನು ಕಿತ್ತು ಡೀಸೆಲ್ ಎಂಜಿನ್ನು ಕೂರಿಸತೊಡಗಿದರು, ಜೆ.ಪಿ. ನಗರದ ವಾಹನವೂ ದಶಕಗಳ ಕಾಲ ಡೀಸೆಲ್ಲಿನಲ್ಲೇ ದುಡಿದಿತ್ತು. ಈಗಿನ ಮಾಲೀಕರು ಆ ಡೀಸೆಲ್ಲನ್ನು ತೂಕಕ್ಕೆ ಹಾಕಿ, ಶಿವಾಜಿನಗರದ ಗುಜರಿಯಲ್ಲಿ ಹುಡುಕಿ, ಬೇರೊಂದು ಜೀಪಿನ ಹರಿಕೇನನ್ನು ತಂದು, ಬೋರ್ ಮಾಡಿಸಿ ಕೂರಿಸಿದ್ದರು. ಬೋರ್ ಮಾಡಿಸುವುದೆಂದರೆ ಸವೆದ ಸಿಲಿಂಡರನ್ನು ಲೇತಿನವರಲ್ಲಿ ಕೊರೆಸಿ ನಯಗೊಳಿಸುವುದು. ಜಾತಿಯಿಂದ ಸರಿಯಾದ ಎಂಜಿನ್ನು, ಆದರೆ ಆರ್‌ಸಿ ಪುಸ್ತಕದ ಸಂಖ್ಯೆಗೂ ಅದಕ್ಕೂ ನಂಟಿಲ್ಲ. ಅದಕ್ಕಿಂತ, ಮನೆಯನ್ನು ಸಾಕಿದ ಆ ಡೀಸೆಲ್ಲೇ ಈ ವಾಹನಕ್ಕೆ ಹೆಚ್ಚು ಸ್ವಂತದ್ದಾಗಿತ್ತು ಎಂದು ಲೇಖಕನಿಗೆ ಅನ್ನಿಸಿತಾದರೂ, ಹಾಗೆ ಅಂಕ ಕೊಡಲು ಯಾವ ಸ್ಪರ್ಧೆಯ ಹಾಳೆಯಲ್ಲೂ ಅಂಕಣವಿಲ್ಲ.

ಕಾನೂನಿನ ಹಾಳೆಯಲ್ಲಂತೂ ವಾಹನಕ್ಕೇ ಅಂಕಣವಿಲ್ಲ. ಇಂಗ್ಲೆಂಡಿನ ರೂಢಿಯಲ್ಲಿ ವಿಂಟೇಜ್ ಎಂದರೆ 1919ರಿಂದ 1930ರವರೆಗಿನ ಕಾರು. ನಮ್ಮ ವಿಮಾ ಸುಂಕದ ನಿಯಮದಲ್ಲಿ 1940ರ ಡಿಸೆಂಬರ್ 31ಕ್ಕೆ ಮೊದಲು ತಯಾರಾದ ಖಾಸಗಿ ಕಾರು. 2021ರ ಜುಲೈನಲ್ಲಿ ತಿದ್ದುಪಡಿಯಾದ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಷಾಸಿ, ಹೊರಮೈ, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡಾಗದ ವಾಹನ. ಹೊಸ ನಿಯಮದಡಿ 20,000 ರೂಪಾಯಿ ಕಟ್ಟಿದರೆ 'ವಿಎ' ಅಕ್ಷರಗಳಿರುವ ವಿಶೇಷ ನೋಂದಣಿ 10 ವರ್ಷಗಳ ಅವಧಿಗೆ ದೊರೆಯುತ್ತದೆ, ಆದರೆ ಅದು ಸ್ವಂತ ಬಳಕೆಯ ದ್ವಿಚಕ್ರ ಮತ್ತು ಚತುಶ್ಚಕ್ರ ವಾಹನಗಳಿಗೆ ಮಾತ್ರ. ಬಾಡಿಗೆಗೆ ದುಡಿದದ್ದು ಎಷ್ಟು ಮುದಿಯಾದರೂ ವಿಂಟೇಜ್ ಆಗದು. ದುಡಿಯದೆ ಕುಳಿತವರಿಗೆ ಹಿರಿತನದ ಗೌರವ ಬೇಗ ಸಿಗುವುದು ವಾಹನಲೋಕಕ್ಕಷ್ಟೇ ಸೀಮಿತವಾದ ಪದ್ಧತಿಯೇನಲ್ಲ. ಮಾಲೀಕರು ಹಳೆಯ ಕಳೆ ಬರಲೆಂದು ಬರೆಸಿದ್ದ ಸಂಖ್ಯಾಫಲಕವೂ ಈ ಭೇದವನ್ನು ಮರೆತಿತ್ತು: ಕೆಎ ಸರಣಿ ಬರುವ ಮೊದಲಿನ, 'ಎಂವೈ' ಎಂದು ಆರಂಭವಾಗುವ ಮೈಸೂರು ರಾಜ್ಯದ ಸಂಖ್ಯೆಯನ್ನು ಕಪ್ಪು ಹಿನ್ನೆಲೆಯಲ್ಲಿ ಬಿಳಿಯ ಅಕ್ಷರಗಳಿಂದ ಬರೆಸಲಾಗಿತ್ತು, ಆದರೆ ಅದು ಖಾಸಗಿ ವಾಹನದ ವೇಷ, ಸರಕು ವಾಹನಗಳಿಗೆ ಆಗ ಇದ್ದದ್ದು ಬಿಳಿಯ ಮೇಲೆ ಕಪ್ಪಕ್ಷರ.

ಇಷ್ಟೆಲ್ಲ ಕಳೆದ ಮೇಲೆ ಉಳಿದದ್ದೇನು ಎಂದು ಮಾಲೀಕರು ಕೇಳಿದಾಗ, ಲೇಖಕ ಟಾರ್ಚು ಹಿಡಿದು ಎಡಬಾಗಿಲಿನ ಬಳಿ ಕುಕ್ಕರಗಾಲಿನಲ್ಲಿ ಕುಳಿತ. ಸರಕು ವಾಹನದ ಎಡಮೈ ಮೇಲೆ ಮಾಲೀಕನ ಹೆಸರು, 'ಯುಡಬ್ಲ್ಯು' ಎಂಬ ಖಾಲಿ ತೂಕ, 'ಆರ್‌ಎಲ್‌ಡಬ್ಲ್ಯು' ಎಂಬ ಸರಕುಸಹಿತ ತೂಕಗಳನ್ನು ಕೈಯಿಂದ ಬರೆಸಬೇಕೆಂಬ ಕಟ್ಟಳೆಯಿದ್ದುದರಿಂದ, ಕುಂಚದ ದಪ್ಪ ಬಣ್ಣ ಪದರದ ಮೇಲೆ ಪದರವಾಗಿ ಅಲ್ಲಿ ಕೂತಿರುತ್ತದೆ, ಅದನ್ನು ಪೂರ್ತಿ ಉಜ್ಜಿ ತೆಗೆಯಲು ಬಣ್ಣದ ಹುಡುಗರಿಗೆ ತಾಳ್ಮೆ ಸಾಲುವುದಿಲ್ಲ. ಬೆಳಕನ್ನು ಓರೆಯಾಗಿ ಬಿಟ್ಟಾಗ ಹೊಸ ಹೊಳಪಿನ ಅಡಿಯಿಂದ ಮೂರು ಅಕ್ಷರಗಳ ಉಬ್ಬು ಮೆಲ್ಲನೆ ಎದ್ದಿತು. ಅಂಕಿಗಳು ಓದಲಾಗದಷ್ಟು ಮಸುಕಾಗಿದ್ದವು. ಮುಂದಿನ ವಾರ ಆ ಬಾಗಿಲನ್ನೂ ಉಜ್ಜಿಸಿ ಸರಿಮಾಡಿಸುವುದಾಗಿ ಮಾಲೀಕರು ಸಂಕೋಚದಿಂದ ಹೇಳಿದರು. ಲೇಖಕ ಹಳೆಯ ಅಭ್ಯಾಸದಂತೆ ವರದಿಯ ಕೊನೆಯ ಷರಾ ಅಂಕಣಕ್ಕೆ ಬಂದು, ಬೆಲೆಯ ಜಾಗವನ್ನು ಖಾಲಿ ಬಿಟ್ಟು, 'ಎಡಬಾಗಿಲನ್ನು ಮುಟ್ಟಬಾರದು' ಎಂದು ಬರೆದು ಸಹಿ ಹಾಕಿದ.