ತಂಪಾಗುವ ತಂತಿಯ ಲೆಕ್ಕ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಹುಡುಗರು ಐ.ಟಿ.ಐ. ಅಥವಾ ಡಿಪ್ಲೊಮಾ ಮುಗಿಸಿ ಕಾರ್ಖಾನೆಯ ಕೆಲಸ ಅರಸುತ್ತಾ ತೋರಣಗಲ್ಲಿನ ಕಡೆ ಮುಖ ಮಾಡುವುದುಂಟು. ಅಲ್ಲಿ 1994ರಲ್ಲಿ ಸ್ಥಾಪನೆಯಾದ ಜಿಂದಾಲ್ ಉಕ್ಕಿನ ಕಂಪನಿ 1999ರಲ್ಲಿ ಕೋರೆಕ್ಸ್ ವಿಧಾನದಿಂದ ಕಬ್ಬಿಣ ತೆಗೆಯತೊಡಗಿತು. ಆ ವಿಧಾನದಲ್ಲಿ ಕಬ್ಬಿಣದ ಜೊತೆಗೆ ಉರಿಯುವ ಅನಿಲವೂ ಹೇರಳವಾಗಿ ಹೊರಡುತ್ತದೆ. ಅದರಿಂದ ವಿದ್ಯುತ್ತನ್ನೂ ಉತ್ಪಾದಿಸಬಹುದು. ಕೊಳವೆಯೊಳಗೆ ಓಡುವ, ಕಣ್ಣಿಗೆ ಕಾಣದ ಇಂಥ ಸರಕನ್ನು ಅಳೆಯುವುದು ಹೇಗೆ?

ಇಂಥ ಅನಿಲವನ್ನೇ ಉರಿಸುವ ಬೇರೊಂದು ಕಾರ್ಖಾನೆಯಲ್ಲಿ ಮಾಪಕಗಳನ್ನು ನೋಡಿಕೊಳ್ಳುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೊಟ್ಟೂರೇಶ್ವರನ ತೇರಿಗೆ ಬಂದಾಗ ಮನೆಗೂ ಬಂದಿದ್ದ. ಮಾತು ಇದರತ್ತ ಹೊರಳಿತು.

ಘನ ಮೀಟರಿನ ಲೆಕ್ಕ ನಂಬುವಂತಿಲ್ಲ. ಒತ್ತಡ ಬದಲಾಗದಿದ್ದರೆ, 27 ಡಿಗ್ರಿ ಸೆಲ್ಸಿಯಸ್‌ನಲ್ಲಿ 100 ಘನ ಮೀಟರ್ ಇರುವ ಅನಿಲ ನಮ್ಮ ಬಳ್ಳಾರಿ ಬಿಸಿಲಿನ 42 ಡಿಗ್ರಿಯಲ್ಲಿ 105 ಘನ ಮೀಟರ್ ಆಗುತ್ತದೆ. 300 ಕೆಲ್ವಿನ್ 315 ಆಯಿತಷ್ಟೆ, ಚಾರ್ಲ್ಸನ ನಿಯಮ. ಅನಿಲ ಒಂದು ಗುಂಜಿಯಷ್ಟೂ ಹೆಚ್ಚಲಿಲ್ಲ. ಬೆಂಕಿಗೆ ಬೇಕಾದುದು ತೂಕದ ಲೆಕ್ಕ.

ಉಷ್ಣ ದ್ರವ್ಯರಾಶಿ ಮಾಪಕ ಆ ಲೆಕ್ಕವನ್ನೇ ಕೊಡುತ್ತದೆ. ಕೊಳವೆಯೊಳಗೆ ಎರಡು ಕಡ್ಡಿಗಳು. ಒಂದು ಅನಿಲದ ಉಷ್ಣತೆಯನ್ನು ಅರಿಯುತ್ತದೆ. ಇನ್ನೊಂದನ್ನು ವಿದ್ಯುತ್ತಿನಿಂದ ಅದಕ್ಕಿಂತ ಇಂತಿಷ್ಟು ಡಿಗ್ರಿ ಬಿಸಿಯಾಗಿಯೇ ಇಡಲಾಗುತ್ತದೆ. ಬಸಿಯಲ್ಲಿ ಸುರಿದ ಚಹಾ ಜೋರಾಗಿ ಊದಿದಷ್ಟೂ ಬೇಗ ಆರುವುದಿಲ್ಲವೇ? ಹಾಗೆಯೇ ಹರಿವು ಹೆಚ್ಚಿದಷ್ಟೂ ಕಡ್ಡಿ ಆರುತ್ತದೆ, ಅದನ್ನು ಬಿಸಿಯಾಗಿಡಲು ವಿದ್ಯುತ್ತು ಹೆಚ್ಚು ಬೇಕಾಗುತ್ತದೆ. ಆ ವಿದ್ಯುತ್ತೇ ಹರಿವಿನ ಅಳತೆ. ಬಿಸಿ ತಂತಿಯಿಂದ ಹರಿವು ಎಷ್ಟು ಶಾಖ ಒಯ್ಯುತ್ತದೆ ಎಂಬುದರ ಸೂತ್ರವನ್ನು ಕೆನಡಾದ ಲೂಯಿ ಕಿಂಗ್ 1914ರಲ್ಲಿ ಪ್ರಕಟಿಸಿದ.

ಆದರೆ ಮಾಪಕಕ್ಕೆ ಗೊತ್ತಿರುವುದು ತಂಪು ಒಂದೇ. ಜಲಜನಕ ಗಾಳಿಗಿಂತ ಸುಮಾರು ಏಳು ಪಟ್ಟು ಚೆನ್ನಾಗಿ ಶಾಖ ಒಯ್ಯುತ್ತದೆ. ಅನಿಲದಲ್ಲಿ ಅದರ ಪಾಲು ಏರಿದರೆ, ಹರಿವು ಏರದಿದ್ದರೂ ಅಂಕಿ ಏರುತ್ತದೆ. ಕಡ್ಡಿಗೆ ಮಸಿ ಮೆತ್ತಿದರೆ ಇದಕ್ಕೆ ವಿರುದ್ಧ: ಕಂಬಳಿ ಹೊದ್ದಂತೆ ಕಡ್ಡಿ ಆರುವುದೇ ಇಲ್ಲ, ಅಂಕಿ ಇಳಿಯುತ್ತದೆ.

ನನ್ನ ಹುಡುಗನ ಕಾರ್ಖಾನೆಯಲ್ಲಿ ಆದದ್ದು ಅದೇ. ತಿಂಗಳಿಂದ ತಿಂಗಳಿಗೆ ಅಂಕಿ ಇಳಿಯಿತು. ಮೇಲಿನವರು ಅದನ್ನು ಉಳಿತಾಯವೆಂದು ಕೊಂಡಾಡಿದರು. "ಸರ್, ಗ್ಯಾಸ್ ಉಳಿದಿದ್ದಿಲ್ಲ, ಮೀಟರಿಗೆ ಕಣ್ಣು ಮುಚ್ಚಿತ್ತು" ಎಂದು ನಕ್ಕ. ಕಡ್ಡಿಯನ್ನು ಹೊರತೆಗೆದು ಒರೆಸಿದಾಗ ಅಂಕಿ ಮೊದಲಿನ ಜಾಗಕ್ಕೇ ಬಂತು. ಹೊಗಳಿಸಿಕೊಂಡವರಿಗೆ ಅದು ಹಿಡಿಸಲಿಲ್ಲ. ಕೆಲವು ದಿನ ಇವನೊಡನೆ ಮಾತೇ ಬಿಟ್ಟರಂತೆ.

ನನಗೆ ನಗು ಬರಲಿಲ್ಲ. ಇಂಥ ಅನಿಲದಲ್ಲಿ ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ದೊಡ್ಡ ಪಾಲು. ಮಾಪಕ ಕಡಿಮೆ ತೋರಿಸಿದರೆ ಅದನ್ನು ನಂಬಿ ಕುಲುಮೆಗೆ ಗಾಳಿಯನ್ನೂ ಕಡಿಮೆ ಬಿಡುತ್ತಾರೆ. ಉರಿಯದೆ ಉಳಿದ ವಿಷ ಹೊರಗೆ ಹೋಗುತ್ತದೆ. ಅಲ್ಲಿ ಪಾಳಿಯಲ್ಲಿ ನಿಂತಿರುವವರು ನಮ್ಮ ಹಳ್ಳಿಗಳ ಮಕ್ಕಳೇ. ಇದನ್ನು ಹೇಳಿದೆ. "ಅದಕ್ಕೇ ಸರ್ ನಾನು ಒರೆಸಿದ್ದು" ಎಂದ.

ಮೊನ್ನೆ ಫೋನು ಮಾಡಿದ್ದ. ಈಗ ತಿಂಗಳಿಗೊಮ್ಮೆ ಕಡ್ಡಿ ಒರೆಸುತ್ತಾರಂತೆ. ಒರೆಸುವ ಮುಂಚಿನ ಅಂಕಿ, ಆಮೇಲಿನ ಅಂಕಿ ಎರಡನ್ನೂ ಪುಸ್ತಕದಲ್ಲಿ ಬರೆದು ಸಹಿ ಹಾಕುತ್ತಾರಂತೆ.