ಕೃಷ್ಣೆಯ ಆಚೆ ದಡದ ಮನೆಗಳು

ರಾಯಚೂರಿನಿಂದ ಹೈದರಾಬಾದ್ ರಸ್ತೆ ಹಿಡಿದು ಹೊರಟರೆ ಶಕ್ತಿನಗರದ ಬಳಿ ಕೃಷ್ಣಾ ನದಿ ಎದುರಾಗುತ್ತದೆ. ಸೇತುವೆಯ ಆಚೆ ತೆಲಂಗಾಣ ರಾಜ್ಯ. ಮೊದಲು ಸಿಗುವ ದೊಡ್ಡ ಊರು ಮಕ್ತಲ್. ಅಲ್ಲಿಂದ ಉತ್ತರಕ್ಕೆ ಹೋದರೆ ನಾರಾಯಣಪೇಟೆ. ಆಗ್ನೇಯಕ್ಕೆ ಹೋಗಿ ಮತ್ತೆ ಕೃಷ್ಣೆಯನ್ನು ದಾಟಿದರೆ ಗದ್ವಾಲ್. ಸಮಾಜಕಾರ್ಯ ವ್ಯಾಸಂಗದ ಕ್ಷೇತ್ರಕಾರ್ಯಕ್ಕೆಂದು ಎರಡು ತಿಂಗಳು ಈ ಮೂರು ಊರುಗಳಲ್ಲಿ ಓಡಾಡುವ ಅವಕಾಶ ನನಗೆ ದೊರೆಯಿತು.

ಪರರಾಜ್ಯವೆಂದು ಹೋದವರಿಗೆ ಇಲ್ಲಿ ಪರಕೀಯವೆನಿಸುವುದು ಕಡಿಮೆ. 1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳಾಗುವವರೆಗೆ ಗದ್ವಾಲ್ ಮತ್ತು ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಯಲ್ಲೇ ಇದ್ದವು. ಕೃಷ್ಣಾ–ತುಂಗಭದ್ರೆಯರ ನಡುವಿನ ಎಡೆದೊರೆ ನಾಡಿನ ಪೂರ್ವದ ತುದಿ ಇದು. ಅಲ್ಲಿಯವರು ಇದನ್ನು ನಡಿಗಡ್ಡ ಎನ್ನುತ್ತಾರೆ. ನಾರಾಯಣಪೇಟೆಯ ಸಂತೆಯಲ್ಲಿ ತೆಲುಗು, ಕನ್ನಡ, ಮರಾಠಿ, ಉರ್ದು ನಾಲ್ಕೂ ಕಿವಿಗೆ ಬೀಳುತ್ತವೆ. ಗಡಿಯ ಹಳ್ಳಿಗಳಲ್ಲಿ ಕನ್ನಡ ಶಾಲೆಗಳೂ ಇವೆ.

ನಾರಾಯಣಪೇಟೆ ಮತ್ತು ಗದ್ವಾಲ್ ಎಂದರೆ ನಮ್ಮ ಅಮ್ಮಂದಿರಿಗೆ ಮೊದಲು ನೆನಪಾಗುವುದು ಸೀರೆ. ಗದ್ವಾಲ್ ಸೀರೆಯ ಮೈ ಹತ್ತಿ, ಅಂಚು ಮತ್ತು ಸೆರಗು ರೇಷ್ಮೆ. ಮೈಯ ಹೊಕ್ಕಿನ ನೂಲು ಬೇರೆ, ಅಂಚಿನದು ಬೇರೆ. ನೇಯುವಾಗ ಎರಡೂ ಸೇರುವ ಕಡೆ ಒಂದು ನೂಲನ್ನು ಇನ್ನೊಂದರೊಳಗೆ ಕೊಂಡಿ ಹಾಕಿ ಕೂಡಿಸಬೇಕು. ಪ್ರತಿ ಸಾಲಿಗೂ ಹೀಗೆಯೇ. ಇದು ಒಬ್ಬರ ದುಡಿಮೆಯೂ ಅಲ್ಲ. ಒಬ್ಬರು ನೂಲು ಸುತ್ತಿಕೊಟ್ಟರೆ ಇನ್ನೊಬ್ಬರು ಹಾಸು ಸಿದ್ಧಮಾಡುತ್ತಾರೆ, ಮತ್ತೊಬ್ಬರು ಮಗ್ಗದಲ್ಲಿ ಕೂರುತ್ತಾರೆ. ಇಡೀ ಮನೆ ದುಡಿದರೆ ಒಂದು ಸೀರೆ.

ಆದರೆ ಎಲ್ಲ ಮನೆಗಳಿಗೂ ಒಟ್ಟಿಗೆ ದುಡಿಯುವ ಭಾಗ್ಯವಿಲ್ಲ. ಹಳೆಯ ಮಹಬೂಬ್‌ನಗರ ಜಿಲ್ಲೆಗೆ ಪಾಲಮೂರು ಎಂಬ ಹೆಸರೂ ಉಂಟು. ‘ಪಾಲಮೂರು ಲೇಬರ್’ ಎಂಬ ಮಾತು ದೇಶದ ಗುತ್ತಿಗೆದಾರರಿಗೆಲ್ಲ ಗೊತ್ತು. ಅಣೆಕಟ್ಟು, ಕಾಲುವೆ, ರಸ್ತೆ, ಬಹುಮಹಡಿ ಕಟ್ಟಡ ಎಲ್ಲಿದ್ದರೂ ಇಲ್ಲಿಯ ಜನ ಹೋಗಿ ದುಡಿದಿದ್ದಾರೆ. ಎರಡು ದೊಡ್ಡ ನದಿಗಳು ಹರಿದರೂ ಬಹಳ ಕಾಲ ಹೊಲಗಳಿಗೆ ನೀರಿರಲಿಲ್ಲ. ಜುರಾಲಾದಂಥ ಯೋಜನೆಗಳಿಂದ ಕೆಲವು ಕಡೆ ಹಸಿರು ಬಂದಿದೆ. ಆದರೂ ಊರು ಬಿಡುವವರು ಇದ್ದೇ ಇದ್ದಾರೆ.

ಮಕ್ತಲ್ ಸಮೀಪದ ಹಳ್ಳಿಯೊಂದರಲ್ಲಿ ಒಬ್ಬ ಅಜ್ಜಿ ಕಟ್ಟೆಯ ಮೇಲೆ ಕೂತಿದ್ದರು. ಪಕ್ಕದಲ್ಲಿ ಮೊಮ್ಮಗಳು ಪಾಠ ಬರೆಯುತ್ತಿದ್ದಳು. “ಯಾವೂರವ್ವಾ ನಿಂದು?” ಎಂದು ಕೇಳಿದರು. ಬೆಂಗಳೂರು ಎಂದೆ.

“ನನ್ನ ಮಗ, ಸೊಸಿ ಅಲ್ಲೇ ಅದಾರ. ದೊಡ್ಡ ಬಿಲ್ಡಿಂಗ್ ಕಟ್ತಾರಂತ. ಸಣ್ಣ ಕೂಸನ್ನ ಕರ್ಕೊಂಡು ಹೋಗ್ಯಾರ. ಇಕೀನ್ನ ಸಾಲಿ ಸಲುವಾಗಿ ನನ್ನ ಹತ್ರ ಬಿಟ್ಟಾರ.”

ಬೆಂಗಳೂರಿನಲ್ಲಿ ಎಲ್ಲಿ ಎಂದು ಕೇಳಿದರೆ ಅವರಿಗೆ ತಿಳಿಯದು. ರಾತ್ರಿ ಮಗನ ಫೋನು ಬಂದಾಗ ಮೊಮ್ಮಗಳ ಕೈಗೆ ಕೊಡುತ್ತಾರಂತೆ. ಆಮೇಲೆ ಇಬ್ಬರೂ ಮೊಣಕಾಲೂರಿ ಪ್ರಾರ್ಥಿಸಿ ಮಲಗುತ್ತಾರಂತೆ. “ಅವರೂ ಅಲ್ಲಿ ಅದೇ ಹೊತ್ತಿಗೆ ದೇವರ ಮುಂದ ಕೂಡ್ತಾರವ್ವ,” ಎಂದರು ಅಜ್ಜಿ.

ನನ್ನ ಮನೆಯಲ್ಲಿಯೂ ಅದು ಜಪಸರದ ಹೊತ್ತು. ಮನೆಯಲ್ಲಿದ್ದಾಗ ಕುಟುಂಬ ಪ್ರಾರ್ಥನೆ ದಿನದ ಅಭ್ಯಾಸವೆಂದು ಕೂರುತ್ತಿದ್ದೆ. ದೂರವಿದ್ದವರಿಗೆ ಅದೇ ಮನೆ ಎಂಬುದು ಆ ಕಟ್ಟೆಯ ಮೇಲೆ ತಿಳಿಯಿತು. ಭಾನುವಾರ ತೆಲುಗಿನ ಬಲಿಪೂಜೆಯಲ್ಲಿ ಪ್ರಬೋಧನೆಯ ಅರ್ಧ ಮಾತು ಅರ್ಥವಾಗುತ್ತಿರಲಿಲ್ಲ. ಪೂಜೆ ಮುಗಿದ ಮೇಲೆ “ವಂದನಾಲು” ಎಂದು ಕೈಮುಗಿದು ಬರುತ್ತಿದ್ದವರ ನಡುವೆ ಒಂಟಿ ಎನಿಸುತ್ತಿರಲಿಲ್ಲ.

ವಿಶ್ವಾಸಕ್ಕಾಗಿ ಮನೆ ಬಿಟ್ಟು ಇಲ್ಲಿಗೆ ಬಂದವರೂ ಇದ್ದರು. ಕಳೆದ ಶತಮಾನದಲ್ಲಿ ಅಮೆರಿಕದ ಮೆನೊನೈಟ್ ಬ್ರದರನ್ ಸಭೆಯ ಮಿಷನರಿಗಳು ಈ ಜಿಲ್ಲೆಯಲ್ಲಿ ಸೇವೆ ಮಾಡಿದರು. ಜಡ್ಚರ್ಲಾದಲ್ಲಿ ಅವರು ಕಟ್ಟಿದ ಆಸ್ಪತ್ರೆ ಹೆಸರುವಾಸಿ. ದಕ್ಷಿಣ ಭಾರತದಲ್ಲಿದ್ದ ಇಂಥ ಅನೇಕ ಮಿಷನರಿಗಳು ತಮ್ಮ ಮಕ್ಕಳನ್ನು ದೂರದ ಕೊಡೈಕನಾಲ್‌ನಲ್ಲಿ 1901ರಲ್ಲಿ ಆರಂಭವಾದ ಶಾಲೆಯಲ್ಲಿ ಬಿಟ್ಟು ತಿಂಗಳುಗಟ್ಟಲೆ ಅಗಲಿರುತ್ತಿದ್ದರು. ಅವರ ಸಭೆ ಬೇರೆಯಾದರೂ ಆ ತಂದೆತಾಯಿಯರ ನೋವು ನಮಗೆ ಅರ್ಥವಾಗುವಂಥದ್ದೇ. ಒಂದು ವ್ಯತ್ಯಾಸ ಮಾತ್ರ ಉಂಟು: ಅವರು ಅಗಲಿಕೆಯನ್ನು ತಾವಾಗಿ ಆರಿಸಿಕೊಂಡರು. ಪಾಲಮೂರಿನ ಕೂಲಿಯವರಿಗೆ ಬಡತನ ಬೇರೆ ದಾರಿ ಬಿಡಲಿಲ್ಲ.

ಈ ಬಡತನದ ಭಾರ ಮಕ್ಕಳ ಮೇಲೂ ಬೀಳುತ್ತದೆ. ಗದ್ವಾಲ್ ಸುತ್ತಮುತ್ತ ಹೈಬ್ರಿಡ್ ಹತ್ತಿಯ ಬೀಜ ಬೆಳೆಯುತ್ತಾರೆ. ಸಂಜೆ ಒಂದೊಂದೇ ಮೊಗ್ಗು ಬಿಡಿಸಿ ಕೇಸರ ತೆಗೆಯಬೇಕು, ಮರುದಿನ ಬೆಳಿಗ್ಗೆ ಕೈಯಿಂದಲೇ ಪರಾಗ ಮುಟ್ಟಿಸಬೇಕು. ಪುಟ್ಟ ಬೆರಳುಗಳಿಗೆ ಸುಲಭವೆಂದು ಹುಡುಗಿಯರನ್ನು ಶಾಲೆ ಬಿಡಿಸಿ ಈ ಕೆಲಸಕ್ಕೆ ಹಚ್ಚಿದ್ದುಂಟು. ಇದರ ವಿರುದ್ಧ ಹಲವು ವರ್ಷಗಳಿಂದ ಹೋರಾಟ ನಡೆದಿದೆ.

ಶಾಲೆ ಬಿಟ್ಟ ಮಗುವನ್ನು ಯಾರಾದರೂ ಕೈಹಿಡಿದರೆ ಏನಾಗಬಹುದು ಎಂಬುದಕ್ಕೆ ಪಕ್ಕದ ಕರ್ನೂಲು ಸೀಮೆಯಲ್ಲೇ ಸಾಕ್ಷಿ ಇದೆ. ಕಾರ್ಡಿನಲ್ ಆಂತೋನಿ ಪೂಲ ಅವರು ಅಲ್ಲಿಯ ಬಡ ಕುಟುಂಬದಲ್ಲಿ ಹುಟ್ಟಿದವರು. ಏಳನೇ ತರಗತಿಯ ನಂತರ ಬಡತನದಿಂದ ಓದು ನಿಂತಿತು. ಮಿಷನರಿಗಳು ಕಡಪಕ್ಕೆ ಕರೆದೊಯ್ದು ಓದಿಸಿದರು. 2008ರಲ್ಲಿ ಕರ್ನೂಲಿನ ಧರ್ಮಾಧ್ಯಕ್ಷರಾದರು. 2020ರಲ್ಲಿ ಹೈದರಾಬಾದಿನ ಮಹಾಧರ್ಮಾಧ್ಯಕ್ಷರಾಗಿ ನೇಮಕಗೊಂಡರು. 2022ರಲ್ಲಿ ಕಾರ್ಡಿನಲ್ ಆದರು, ದಲಿತ ಸಮುದಾಯದಿಂದ ಆ ಪದವಿಗೇರಿದ ಮೊದಲಿಗರು ಅವರೇ.

ಪ್ರಿಯ ವಾಚಕರೇ, ಆ ಅಜ್ಜಿಯ ಮಗ, ಸೊಸೆ, ಮೊಮ್ಮಗು ನಮ್ಮ ದೇವಾಲಯದ ಹಿಂದಿನ ರಸ್ತೆಯಲ್ಲೇ ತಗಡಿನ ಶೆಡ್ಡಿನಲ್ಲಿ ಇರಬಹುದು. ನಾವು ದಿನವೂ ಆ ದಾರಿಯಲ್ಲಿ ಹೋಗುತ್ತೇವೆ. 1952ರಲ್ಲಿ ಹನ್ನೆರಡನೇ ಭಕ್ತಿನಾಥ ಪಯಸ್ ಜಗದ್ಗುರುಗಳು ವಲಸಿಗರ ಕುರಿತು ಹೊರಡಿಸಿದ ಪ್ರೇಷಿತ ಶಾಸನದಲ್ಲಿ, ಈಜಿಪ್ಟಿಗೆ ಓಡಿಹೋದ ಪವಿತ್ರ ಕುಟುಂಬವೇ ಎಲ್ಲ ವಲಸೆ ಕುಟುಂಬಗಳಿಗೆ ಮಾದರಿ ಎಂದು ಸಾರಿದರು. ಸಂತ ಜೋಸೆಫರೂ ಪರದೇಶದಲ್ಲಿ ಕೆಲಸ ಹುಡುಕಿದವರೇ.

ಹಾಗಾದರೆ ನಾವೇನು ಮಾಡಬಹುದು? ದೊಡ್ಡ ಯೋಜನೆಗಳೇನೂ ಬೇಡ. ಶೆಡ್ಡಿನಲ್ಲಿರುವ 6ರಿಂದ 14 ವರ್ಷದ ಮಗುವಿಗೆ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಸೇರುವ ಹಕ್ಕಿದೆ. ವಯಸ್ಸಿನ ದಾಖಲೆ ಇಲ್ಲವೆಂದು ಸೇರಿಸದೆ ಇರುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯಿದೆ ಹೇಳುತ್ತದೆ. ತಂದೆತಾಯಿಗೆ ಇದು ಗೊತ್ತಿರುವುದಿಲ್ಲ, ಕೂಲಿ ಬಿಟ್ಟು ಶಾಲೆಗೆ ಅಲೆಯಲೂ ಆಗದು. ನಮ್ಮಲ್ಲೊಬ್ಬರು ಒಂದು ಬೆಳಿಗ್ಗೆ ಅವರ ಜೊತೆ ಹೋದರೆ ಸಾಕು. ಅವರು ಕ್ರೈಸ್ತರಾಗಿದ್ದರೆ ಬಲಿಪೂಜೆಯ ಸಮಯ ತಿಳಿಸೋಣ, ಪಕ್ಕದಲ್ಲಿ ಕೂರಿಸಿಕೊಳ್ಳೋಣ. ಬೇರೆ ಧರ್ಮದವರಾದರೂ ನೀರು, ಮದ್ದು, ಒಂದು ಒಳ್ಳೆಯ ಮಾತಿಗೆ ಧರ್ಮ ಕೇಳಬೇಕಾಗಿಲ್ಲ.

ಇಂದು ರಾತ್ರಿ ಜಪಸರದ ಕೊನೆಯಲ್ಲಿ ಒಂದು ‘ನಮೋ ಮರಿಯ’ವನ್ನು ಕೃಷ್ಣೆಯ ಆಚೆ ದಡದಲ್ಲಿ ಮಕ್ಕಳ ದಾರಿ ಕಾಯುತ್ತಿರುವ ಅಜ್ಜಿಯರಿಗಾಗಿ ಸಲ್ಲಿಸೋಣ. ನಾಳೆ ಬೆಳಿಗ್ಗೆ ಆ ಶೆಡ್ಡಿನ ಬಾಗಿಲಿಗೆ ಹೋಗೋಣ. ಪವಿತ್ರ ಕುಟುಂಬವು ನಮ್ಮೆಲ್ಲರ ಮನೆಗಳನ್ನು ಕಾಪಾಡಲಿ.